ಬೀಗರ ಪಿಸ್ತೂಲಿನ ಹಿಡಿಕೆ

ಮೂರನೇ ಬಂದಳು! ನಮ್ಮ ಮೊಮ್ಮಗಳು ಮೂರನೇ ನಂಬರ್ ಬಂದಳು! ಇದನ್ನು ಓದುವವರೆಲ್ಲ ಮೊದಲು ಬಾಯಿಗೆ ಒಂದು ಚಿಟಿಕೆ ಸಕ್ಕರೆ ಹಾಕಿಕೊಳ್ಳಿ, ಆಮೇಲೆ ಮುಂದಕ್ಕೆ ಓದಿ. ಯಾವುದರಲ್ಲಿ ಮೂರನೇ ಎಂದು ಕೇಳಿದಿರಾ? ಪಿಸ್ತೂಲು ಹೊಡೆಯುವುದರಲ್ಲಿ! ಗಾಬರಿಯಾಗಬೇಡಿ, ಯಾರಿಗೂ ಏನೂ ಆಗಿಲ್ಲ. ಹೊಡೆದದ್ದು ಕಾಗದಕ್ಕೆ. ಲಂಡನ್ ಸುತ್ತಮುತ್ತಲಿನ ಕ್ಲಬ್ಬುಗಳ ಹುಡುಗ ಹುಡುಗಿಯರೆಲ್ಲ ಸೇರಿದ್ದರು. ನಾವು ಹ್ಯಾರೋದ ನಮ್ಮ ಮನೆಯಿಂದ ಬೆಳಿಗ್ಗೆಯೇ ಕಾರಿನಲ್ಲಿ ಹೊರಟು, ಇಡೀ ದಿನ ಒಂದು ತಣ್ಣನೆಯ ಸಭಾಂಗಣದಲ್ಲಿ ಕುಳಿತು, ಸಂಜೆ ಕಂಚಿನ ಪದಕ ತೆಗೆದುಕೊಂಡು ಮನೆಗೆ ಬಂದೆವು. ಪದಕ ಹಾಕಿದ್ದು ಅವಳ ಕೊರಳಿಗೆ. ಆದರೆ ಬರುವಾಗ ಕಾರಿನಲ್ಲಿ ನಾನೂ ಒಂದು ಸಲ ಹಾಕಿಕೊಂಡು ನೋಡಿದೆ. ಸುಳ್ಳು ಯಾಕೆ ಹೇಳಲಿ?

ಈ ಪದಕದಲ್ಲಿ ಒಂದು ಪಾಲು ನನ್ನ ಬೀಗರದ್ದು, ಅಂದರೆ ಮಗಳ ಮಾವನವರದ್ದು. ಅವರ ಬಗ್ಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಡೀ ಲಂಡನ್ನಿನಲ್ಲಿ, ಕೈಕುಲುಕಿದ ಮೇಲೆ ಆ ಕೈಯನ್ನು ವಾಪಸು ಕೊಡದ ಮನುಷ್ಯ ಅವರೊಬ್ಬರೇ!

ಅವರು ಎಲುಬಿನ ಡಾಕ್ಟರು. ಧಾರವಾಡದಿಂದ ಬಂದು ಇಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ಹರೆಯವನ್ನೆಲ್ಲ ಕಳೆದವರು. ಮದುವೆಯ ಮಾತುಕತೆಗೆ ನಮ್ಮ ಮನೆಗೆ ಬಂದಾಗ ನಮ್ಮ ಯಜಮಾನರು, ಆಗ ಅವರು ಇದ್ದರು, ವಿಲಾಯತಿಯಿಂದ ಬಂದವರೆಂದು ನಮಸ್ಕಾರ ಬಿಟ್ಟು ಕೈ ಚಾಚಿದರು. ಬೀಗರು ಹಿಡಿದ ಕೈ ಬಿಡಲೇ ಇಲ್ಲ. ಹೆಬ್ಬೆರಳ ಬುಡ ಒತ್ತಿದರು, ಮಣಿಕಟ್ಟು ತಿರುವಿದರು, ಕಣ್ಣು ಮುಚ್ಚಿ ಏನೋ ಯೋಚಿಸಿದರು. "ಸಣ್ಣವರಿದ್ದಾಗ ಗಿಡದ ಮ್ಯಾಲಿಂದ ಬಿದ್ದಿದ್ರೇನು?" ಎಂದರು. ಬಿದ್ದದ್ದು ಖರೆ! ಯಜಮಾನರು ಕೊಡುವ ತರುವ ಮಾತು ಎಲ್ಲಿ ಬರುತ್ತದೋ ಎಂದು ಬೆವರುತ್ತಿದ್ದರೆ, ಬೀಗರು ಆ ಇಡೀ ಮಧ್ಯಾಹ್ನ ಮಾತನಾಡಿದ್ದು ಅದೊಂದು ಎಲುಬಿನ ಬಗ್ಗೆ. ಹುಡುಗಿ ಒಪ್ಪಿಗೆಯೇ ಎಂದು ಕೇಳಿದರೆ "ಹಾಂ? ಯಾವ ಹುಡುಗಿ?" ಎಂದರು. ಇಂಥವರ ಮನೆಗೆ ನಾವು ಹೆಣ್ಣು ಕೊಟ್ಟೆವು!

ಮಗಳ ಬಾಣಂತನಕ್ಕೆಂದು ನಾನು ಲಂಡನ್ನಿಗೆ ಬಂದೆ. ಬಂದವಳು ಉಳಿದೇಬಿಟ್ಟೆ, ಆ ಮಾತು ಬೇರೆ. ಆಗಲೇ ಗೊತ್ತಾದದ್ದು ಬೀಗರ ಹತ್ತಿರ ಒಂದು ಪಿಸ್ತೂಲು ಇದೆ ಎಂದು! ಪೊಲೀಸರ ಪರವಾನಗಿ ಇತ್ತು, ಕಬ್ಬಿಣದ ಪೆಟ್ಟಿಗೆ ಇತ್ತು, ಕ್ಲಬ್ಬು ಇತ್ತು, ಎಲ್ಲ ಸರಿ. ಆದರೂ ವಾರವಿಡೀ ಜನರ ಎಲುಬು ಕೂಡಿಸುವ ಮನುಷ್ಯ ಶನಿವಾರ ಬಂತೆಂದರೆ ಪಿಸ್ತೂಲು ಹಿಡಿಯುವುದು ಎಂದರೇನು? ನನಗೆ ತಲೆಯೇ ಓಡಲಿಲ್ಲ. ತಡೆಯಲಾರದೆ ಕೇಳಿಯೇಬಿಟ್ಟೆ.

"ಬೀಗರ, ಯಾರ ಮ್ಯಾಲೆ ಇಷ್ಟು ಸಿಟ್ಟು ನಿಮಗ?"

"ಸಿಟ್ಟಿದ್ದವರಿಗೆ ಇದು ಬರೂದಿಲ್ರೀ ಬೀಗತಿ. ಕೈ ನಡಗತದ."

ಪಿಸ್ತೂಲಿನ ಸಂಗತಿಯನ್ನು ಅವರು ನನಗೆ ಬಹಳ ಸಲ ಬಿಡಿಸಿ ಹೇಳಿದ್ದಾರೆ. ಬಿಡಿಸಿದಷ್ಟೂ ನನಗೆ ಗಂಟಾಗಿದೆ. ಒಂದು ಗುಂಡು ಹಾರಿದ ಕೂಡಲೇ ಮುಂದಿನ ಗುಂಡು ತಾನೇ ಮೇಲೆದ್ದು ಬಂದು ತಯಾರಾಗಿ ಕೂಡುತ್ತದಂತೆ. ಹಾಗಾದರೆ ಎಲ್ಲ ಕೆಲಸ ಅದೇ ಮಾಡಿತಲ್ಲ, ಇವರು ಮಾಡುವುದೇನು? "ಹಿಡಿಯೋದು!" ಎಂದರು. ಇಷ್ಟು ಓದಿದ ಮನುಷ್ಯನಿಗೆ ಹಿಡಿಯುವುದೂ ಒಂದು ಕೆಲಸವೇ? ಕೆಲಸವೇ ಅದಂತೆ! ಹೊಸ ಪಿಸ್ತೂಲು ಮನೆಗೆ ತಂದ ದಿನವೇ ಬೀಗರು ಮಾಡಿದ ಮೊದಲ ಕೆಲಸ ಅದರ ಹಿಡಿಕೆ ಬಿಚ್ಚಿ ತೆಗೆದದ್ದು. ಹೊಸ ಸೀರೆ ಉಡುವ ಮೊದಲೇ ಅಂಚು ಬಿಚ್ಚಿ ಎಸೆದ ಹಾಗೆ! ಕಾರಖಾನೆಯವರು ಊರಮಂದಿಗೆಲ್ಲ ಒಂದೇ ಹಿಡಿಕೆ ಮಾಡುತ್ತಾರೆ, ದೇವರು ಊರಮಂದಿಗೆಲ್ಲ ಒಂದೇ ಕೈ ಕೊಟ್ಟಿದ್ದಾನೆಯೇ ಎಂಬುದು ಅವರ ವಾದ. ಕೆಂಟನ್ನಿನ ಅವರ ಮನೆಯ ಹಿತ್ತಲಲ್ಲಿ ಒಂದು ಮರದ ಶೆಡ್ಡು ಇದೆ. ಅಲ್ಲಿ ಕುಳಿತು ಅಕ್ರೋಟ ಮರದ ತುಂಡೊಂದನ್ನು ಕೆತ್ತುವುದು, ಉಜ್ಜುವುದು, ಹಿಡಿದು ನೋಡುವುದು. ಹೆಚ್ಚು ಕೆತ್ತಿದ ಕಡೆ ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಮೆತ್ತುವುದು, ಒಣಗಿದ ಮೇಲೆ ಮತ್ತೆ ಉಜ್ಜುವುದು. ಗುಂಡು ಹೊಡೆದದ್ದಕ್ಕಿಂತ ಉಜ್ಜಿದ್ದೇ ಹೆಚ್ಚು. ಅವರ ಹೆಂಡತಿ ಮೊಮ್ಮಗಳು ಹುಟ್ಟುವ ಮೊದಲೇ ತೀರಿಕೊಂಡಿದ್ದರು, ಹಾಗಾಗಿ ಊಟಕ್ಕೆ ಬನ್ನಿ ಎಂದು ಒಳಗೆ ಕರೆಯುವವರೂ ಇರಲಿಲ್ಲ.

ಹಿಡಿಕೆ ಸರಿಯಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಅದಕ್ಕೂ ಒಂದು ಪದ್ಧತಿ ಉಂಟು. ಕಣ್ಣು ಮುಚ್ಚಿ ತೋಳನ್ನು ನೇರ ಚಾಚಬೇಕು, ಆಮೇಲೆ ಕಣ್ಣು ತೆರೆಯಬೇಕು. ಕೈ ತಾನಾಗಿಯೇ ಗುರಿಯ ಕಡೆ ನಿಂತಿದ್ದರೆ ಹಿಡಿಕೆ ಸರಿ, ಇಲ್ಲದಿದ್ದರೆ ಮತ್ತೆ ಉಜ್ಜಬೇಕು. ಈ ಅಭ್ಯಾಸ ಪಿಸ್ತೂಲಿಗಷ್ಟೇ ನಿಂತಿದ್ದರೆ ನಾನು ಬರೆಯುತ್ತಿರಲಿಲ್ಲ. ತಮ್ಮ ಛತ್ರಿಯ ಹಿಡಿಕೆಯನ್ನೂ ಕೈಗೆ ಹೊಂದುವಂತೆ ಕೆತ್ತಿಕೊಂಡರು! ಒಂದು ದಿನ ನಮ್ಮ ಮನೆ ಹತ್ತಿರದ ಬಸ್ ಸ್ಟಾಪಿನಲ್ಲಿ ಇಬ್ಬರೂ ನಿಂತಿದ್ದೇವೆ. ಬೀಗರು ಕಣ್ಣು ಮುಚ್ಚಿ, ಛತ್ರಿ ಹಿಡಿದ ತೋಳನ್ನು ರಸ್ತೆಯ ಕಡೆ ಚಾಚಿದರು. ಈ ಊರಿನಲ್ಲಿ ಕೈ ಚಾಚಿದರೆ ಬಸ್ಸು ನಿಲ್ಲುತ್ತದೆ. ನಿಂತಿತು. ಬಾಗಿಲು ತೆರೆಯಿತು. ಡ್ರೈವರ್ ನೋಡುತ್ತಾನೆ, ಇವರು ಕಣ್ಣೇ ತೆರೆಯಲೊಲ್ಲರು! ಒಳಗಿನ ಜನವೆಲ್ಲ ಕಿಟಕಿಗೆ ಮೂಗು ಹಚ್ಚಿದರು. ಕೊನೆಗೆ ಕಣ್ಣು ತೆರೆದು, ಎದುರಿಗೆ ನಿಂತ ಅಷ್ಟು ದೊಡ್ಡ ಕೆಂಪು ಬಸ್ಸನ್ನು ನೋಡಿ, "ಎರಡು ಬೆರಳು ಎಡಕ್ಕ ಹೋಗೇದ" ಎಂದು ನನಗೆ ಹೇಳಿ, ಛತ್ರಿ ಕೆಳಗಿಳಿಸಿದರು. ಬಸ್ಸು ಹತ್ತಲಿಲ್ಲ. ನಮ್ಮದು ಬೇರೆ ಬಸ್ಸು! ಆ ಡ್ರೈವರ್ ಏನೆಂದನೋ ನನಗೆ ತಿಳಿಯಲಿಲ್ಲ, ತಿಳಿಯದ್ದೇ ಒಳ್ಳೆಯದಾಯಿತು.

ಇನ್ನು ಕಾಡಿಗೆಯ ಪ್ರಸಂಗ. ಕೂಸಿಗೆ ಹಚ್ಚಲೆಂದು ನಾನು ಹರಳೆಣ್ಣೆಯ ದೀಪ ಹಚ್ಚಿ, ಅದರ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ ಮಸಿ ಹಿಡಿಯುತ್ತಿದ್ದೆ. ಬೀಗರು ಕೂಸನ್ನು ನೋಡಲು ಬಂದವರು ಕೂಸಿನ ಕಡೆ ಒಂದು ಸಲ ನೋಡಿ, ತಟ್ಟೆಯ ಕಡೆಯೇ ನೋಡುತ್ತ ನಿಂತರು.

"ಬೀಗತಿ, ಇದರಾಗ ಎಣ್ಣಿ ಕೂಡಸೂಕಿಂತ ಮೊದಲ ನನಗೊಂದೀಟು ಮಸಿ ಕೊಡ್ರಿ."

"ಅಯ್ಯ, ನಿಮಗ ಯಾಕ? ನಿಮ್ಮ ಕಡೆ ಯಾರಿಗರೆ ಕೂಸು ಹುಟ್ಟೇದೇನು?"

"ಪಿಸ್ತೂಲಿಗೆ."

ಪಿಸ್ತೂಲಿನ ತುದಿಯಲ್ಲಿ ಗುರಿ ನೋಡಲು ಒಂದು ಪುಟ್ಟ ಉಬ್ಬು ಇರುತ್ತದಂತೆ. ಅದು ದೀಪದ ಬೆಳಕಿಗೆ ಹೊಳೆದರೆ ಕಣ್ಣು ತಪ್ಪುತ್ತದಂತೆ. ಅಂಗಡಿಯ ಕಪ್ಪು ಬಣ್ಣ ಎಷ್ಟು ಬಳಿದರೂ ಮಿಂಚುತ್ತದಂತೆ. ಹರಳೆಣ್ಣೆ ಮಸಿಯಷ್ಟು ಮಂಕಾದ ಕಪ್ಪು ವಿಲಾಯತಿಯಲ್ಲೆಲ್ಲೂ ಇಲ್ಲವಂತೆ! ಒಂದು ಡಬ್ಬಿಯಲ್ಲಿ ತುಂಬಿಸಿಕೊಂಡು ಹೋದರು. ಮುಂದಿನ ವಾರ ಫೋನು ಮಾಡಿದರು. ಕೂಸು ಹೇಗಿದೆ ಎಂದು ಕೇಳಲು ಎಂದುಕೊಂಡಿರಾ? ಮಸಿ ಮುಗಿದಿತ್ತು! ಒಂದೇ ದೀಪದ ಮಸಿ ಕೂಸಿನ ಕಣ್ಣಿಗೂ ಪಿಸ್ತೂಲಿನ ಮೂತಿಗೂ. ಇದನ್ನು ನಮ್ಮೂರಿನಲ್ಲಿ ಹೇಳಿದರೆ ಯಾರಾದರೂ ನಂಬುತ್ತಾರೆಯೇ?

ಹೀಗೆ ವರ್ಷಗಳು ಹೋದವು. ಆಮೇಲೆ ಈ ದೇಶದ ಒಂದು ಊರಿನ ಶಾಲೆಯಲ್ಲಿ ಪಿಸ್ತೂಲಿನಿಂದ ಆಗಬಾರದ್ದು ಆಯಿತು. ಅದನ್ನು ಇಲ್ಲಿ ಬರೆಯಲಾರೆ. ಕಾನೂನು ಬಂತು, ಯಾರೂ ಪಿಸ್ತೂಲು ಇಟ್ಟುಕೊಳ್ಳುವಂತಿಲ್ಲ, ಎಲ್ಲರೂ ತಂದು ಪೊಲೀಸರಿಗೆ ಒಪ್ಪಿಸಬೇಕು. ಬೀಗರು ಜಗಳವಾಡುತ್ತಾರೆ ಎಂದು ನಾನು ಹೆದರಿದ್ದೆ. ಅವರು "ಸರಿ ಅದ. ಕೊಡಬೇಕಾದ್ದು" ಎಂದರು. ಅಷ್ಟೇ. ಕೊಟ್ಟು ಬಂದರು. ಅದೇ ಹೊತ್ತಿಗೆ ಆಸ್ಪತ್ರೆಯ ನೌಕರಿಯೂ ಮುಗಿದಿತ್ತು.

ಅಂದಿನಿಂದ ಮನುಷ್ಯ ಮಂಕಾಗಿಬಿಟ್ಟರು. ಭಾನುವಾರ ನಮ್ಮಲ್ಲಿ ಊಟಕ್ಕೆ ಬರುತ್ತಿದ್ದರು, ಆದರೆ ಬಂದರೂ ಬಂದ ಹಾಗಿರುತ್ತಿರಲಿಲ್ಲ. ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ! ನನ್ನ ಮೊಣಕೈ ಉಳುಕಿದೆ ಎಂದರೂ ತಲೆ ಎತ್ತಲಿಲ್ಲ. ತುತ್ತು ಎತ್ತಿದ ಕೈ ಗಾಳಿಯಲ್ಲಿ ಏನನ್ನೋ ಹಿಡಿದ ಹಾಗೆ ಅರ್ಧಕ್ಕೇ ನಿಂತುಬಿಡುತ್ತಿತ್ತು. ನನ್ನ ಅಳಿಯ ಕ್ಯಾನರಿ ವಾರ್ಫಿನ ಒಂದು ಬ್ಯಾಂಕಿನಲ್ಲಿದ್ದಾನೆ. ಅಪ್ಪನಿಗೆ ಗಾಲ್ಫು ಕಲಿಸಲು ನೋಡಿದ, ಇಸ್ಪೀಟು ತಂದುಕೊಟ್ಟ. ಶೆಡ್ಡಿನ ಬಾಗಿಲಿಗೆ ಬೀಗ ಬಿದ್ದದ್ದು ಬಿದ್ದೇ ಇತ್ತು.

ಮೊಮ್ಮಗಳು ಅನಘಾ ಹೈಸ್ಕೂಲಿಗೆ ಬಂದ ಮೇಲೆ ಗೆಳತಿಯೊಬ್ಬಳ ಜೊತೆ ಹೋಗಿ ಶೂಟಿಂಗ್ ಕ್ಲಬ್ಬು ಸೇರಿದಳು. ಗಾಳಿಯ ಪಿಸ್ತೂಲಿಗೆ ಕಾನೂನಿನ ಅಡ್ಡಿಯಿಲ್ಲ. ಗುಂಡಿನ ಬದಲು ಮೆಣಸಿನ ಕಾಳಿನಷ್ಟು ಸೀಸ, ಮದ್ದಿನ ಬದಲು ಗಾಳಿ. "ಅದೇನು ಪಿಸ್ತೂಲು! ಸೈಕಲ್ಲಿಗೆ ಹವಾ ಹೊಡಿಯೋ ಪಂಪು!" ಎಂದು ಬೀಗರು ಮುಖ ತಿರುವಿದರು. ಒಂದು ಸಲವೂ ಅವಳು ಹೊಡೆಯುವುದನ್ನು ನೋಡಲು ಹೋಗಲಿಲ್ಲ. ಇದನ್ನು ನೆನಪಿಡಿ, ಮುಂದಿನ ಫಜೀತಿಯೆಲ್ಲ ಇದರಿಂದಲೇ.

ಒಂದು ಭಾನುವಾರ ಊಟದ ನಡುವೆ ಅನಘಾ ಅವಳಮ್ಮನ ಹತ್ತಿರ ಗೊಣಗಿದಳು. "ಮಾಮ್, ಕ್ಲಬ್ ಪಿಸ್ತೂಲು ಹಾರಿಬಲ್. ಗ್ರಿಪ್ ಹರ್ಟ್ಸ್."

ಬೀಗರು ತಟ್ಟೆಯಿಂದ ತಲೆ ಎತ್ತಿದರು. "ಏನು? ಹಿಡಿಕಿ ನೋಯಸತದ? ಎಲ್ಲಿ ನೋಯಸತದ? ಹೆಬ್ಬೆರಳಿನ ಬುಡಕ್ಕೋ ಅಂಗೈಗೋ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಸಾರು ಹಾಕಿಸಿಕೊಂಡು ಕಲಸಿದರು. ಮಗಳು ಅಡಿಗೆಮನೆಗೆ ಬಂದು ನನ್ನ ಕಿವಿಯಲ್ಲಿ, "ಅವ್ವಾ, ನೋಡಿದ್ಯಾ? ಮಾವನವರು ಎರಡನೇ ಸಲ ಸಾರು ಹಾಕಿಸಿಕೊಂಡ್ರು!" ಎಂದಳು. ಅವಳ ಕಣ್ಣಲ್ಲಿ ನೀರು. ಸಾರಿಗೆ ಅಳುವುದೇನು ಎಂದು ನಾನು ಬೈದೆ. ಆದರೆ ನನಗೂ ಗೊತ್ತಾಗಿತ್ತು, ಈ ಮುದುಕರನ್ನು ಎಬ್ಬಿಸಿ ಕೂರಿಸುವ ವಸ್ತು ಈ ಮನೆಯಲ್ಲಿ ಇದೊಂದೇ.

ಅಂದು ನಾನು ಹೋಳಿಗೆಗೆಂದು ಕಣಕ ನಾದಿ, ಎಣ್ಣೆ ಹಚ್ಚಿ ಇಟ್ಟಿದ್ದೆ. ಊಟವಾದ ಮೇಲೆ ಎರಡನೇ ಸುತ್ತಿಗೆ ಒಂದಿಷ್ಟು ಉಳಿದಿತ್ತು. ಬೀಗರು ಕೈ ತೊಳೆದು ಸೀದಾ ಅಡಿಗೆಮನೆಗೆ ಬಂದರು. ಉಂಡೆಯನ್ನು ಎತ್ತಿದರು. "ಅನಘಾ, ಕೈ ಕೊಡು ತಂಗಿ" ಎಂದರು. ಹಿರಿಯರು ಕೈ ಕೊಡು ಎಂದರೆ ನಮ್ಮ ಮನೆಯ ಮಕ್ಕಳು ಯಾವ ಕೈ ಕೊಡುತ್ತಾರೆ? ಬಲಗೈ! ಕೊಟ್ಟಳು. "ಗಟ್ಟಿ ಹಿಡಿ, ಬಿಡು" ಎಂದರು. ಹಿಡಿದಳು, ಬಿಟ್ಟಳು. ಯಾಕೆ ಏನು ಎಂದು ಅವಳಿಗೆ ಹೇಳಲಿಲ್ಲ. ಕಣಕದಲ್ಲಿ ಅವಳ ಬೆರಳು, ಅಂಗೈ, ಹೆಬ್ಬೆರಳ ಬುಡ ಎಲ್ಲ ಚಂದವಾಗಿ ಮೂಡಿತ್ತು. ಅದನ್ನು ನನ್ನದೇ ಸ್ಟೀಲಿನ ಡಬ್ಬಿಯಲ್ಲಿ ಕೂರಿಸಿ, ಅಲುಗಾಡಬಾರದೆಂದು ಕೈಯಲ್ಲೇ ಹಿಡಿದುಕೊಂಡು ಬಸ್ಸಿನಲ್ಲಿ ಕೆಂಟನ್ನಿಗೆ ಹೋದರು. ಎರಡನೇ ಸುತ್ತಿನ ಹೋಳಿಗೆ ಹೋಯಿತು. ಶೆಡ್ಡಿನ ಬಾಗಿಲು ತೆರೆಯಿತು.

ಚಳಿಗಾಲವಿಡೀ ಉಜ್ಜಿದರು. ಎಲ್ಲಿಂದಲೋ ಒಂದು ಒಳ್ಳೆಯ ಗಾಳಿ ಪಿಸ್ತೂಲನ್ನೂ ತಂದರು. ಭಾನುವಾರ ಊಟಕ್ಕೆ ಬಂದರೆ ಕೂದಲಲ್ಲಿ ಮರದ ಪುಡಿ, ಕಣ್ಣು ಮೊಮ್ಮಗಳ ಬಲಗೈಯ ಮೇಲೆ. ಅವಳು ಅನ್ನ ಕಲಸುವುದನ್ನು ನೋಡುವುದು, ಮನೆಗೆ ಹೋಗಿ ಉಜ್ಜುವುದು. ಅವಳ ಹುಟ್ಟುಹಬ್ಬದ ದಿನ ಪೆಟ್ಟಿಗೆ ತೆರೆದು ಕೊಟ್ಟರು. ಎಂಥ ಹಿಡಿಕೆ! ನಮ್ಮ ದೇವರಮನೆಯ ಬಾಗಿಲಿಗೂ ಅಂಥ ನುಣುಪಿಲ್ಲ. ಅನಘಾ ನೋಡಿದಳು, ಬಲಗೈಯಲ್ಲಿ ತೆಗೆದುಕೊಂಡಳು, ಒಂದು ಸಲ ಅಜ್ಜನ ಮುಖ ನೋಡಿದಳು, ಆಮೇಲೆ ಕಾಲಿಗೆ ನಮಸ್ಕಾರ ಮಾಡಿ, "ಇಟ್ಸ್ ಪರ್ಫೆಕ್ಟ್, ಅಜ್ಜಾ" ಎಂದಳು. ಬೀಗರು ಅಂದು ಎಲ್ಲರ ಕೈಯನ್ನೂ ಹಿಡಿದು ಕುಲುಕಿದರು. ನನ್ನ ಎಂದೋ ಉಳುಕಿದ ಮೊಣಕೈಯನ್ನೂ ನೋಡಿದರು, ತಿರುವಿ ಇನ್ನಷ್ಟು ನೋಯಿಸಿದರು. ಸಂತೋಷವಾಯಿತು!

ಆದರೆ ಅಲ್ಲಿಂದ ಹುಡುಗಿಯ ಅಂಕ ಇಳಿಯತೊಡಗಿತು. ಅಂಕದ ಲೆಕ್ಕ ನನಗೆ ತಿಳಿಯದು. ಕಾಗದದ ನಡುವಿನ ಚುಕ್ಕೆಗೆ ಬಿದ್ದರೆ ಹತ್ತಂತೆ. ಒಮ್ಮೆ ಬಿತ್ತಲ್ಲ, ಇನ್ನು ಮನೆಗೆ ನಡೆಯಿರಿ ಎಂದರೆ ಇಲ್ಲ, ಅದೇ ತೂತಿಗೆ ಮತ್ತೆ ಮತ್ತೆ ಹೊಡೆಯಬೇಕಂತೆ! ಇರಲಿ. ಮೊದಲು ನಗುತ್ತ ಕ್ಲಬ್ಬಿನಿಂದ ಬರುತ್ತಿದ್ದವಳು ಈಗ ಬಾಡಿದ ಮುಖ ಹೊತ್ತು ಬರುತ್ತಿದ್ದಳು. ಸ್ಪರ್ಧೆಗೆ ಕ್ಲಬ್ಬಿನಿಂದ ಆರಿಸುವ ದಿನ ಹತ್ತಿರ ಬರುತ್ತಿತ್ತು. ಇಷ್ಟು ಒಳ್ಳೆಯ ಹಿಡಿಕೆ ಸಿಕ್ಕ ಮೇಲೆ ಹೀಗೇಕೆ? ನಾನು ದೃಷ್ಟಿ ತೆಗೆದೆ. ಮಗಳು ವಿಟಮಿನ್ ಮಾತ್ರೆ ತಂದಳು. ಅಳಿಯ ಕನ್ನಡಕದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಬೀಗರು "ಬಹುಶಃ ಅಂಗೈ ಕಡೆ ಕೂದಲೆಳಿಯಷ್ಟು ಹೆಚ್ಚಾಗೇದ" ಎಂದು ಪಿಸ್ತೂಲು ಒಯ್ದು ಉಜ್ಜಿ ತಂದರು. ಅಂಕ ಇನ್ನೂ ಇಳಿಯಿತು!

ಕೊನೆಗೆ ಬೀಗರು, "ನಾನ ಬಂದು ನೋಡತೇನಿ. ನೀವೂ ಬರ್ರಿ ಬೀಗತಿ" ಎಂದರು. ಅನಘಾಗೆ ಹೇಳದೆ ಇಬ್ಬರೂ ಅಳಿಯನ ಕಾರಿನಲ್ಲಿ ಕ್ಲಬ್ಬಿಗೆ ಹೋದೆವು. ಹಿಂದಿನ ಬೆಂಚಿನ ಮೇಲೆ ಕುಳಿತೆವು. ಹುಡುಗಿ ನಮಗೆ ಬೆನ್ನು ಮಾಡಿ ನಿಂತು ಬಲಗೈ ಚಾಚಿದ್ದಾಳೆ, ತೋಳು ಗಾಳಿಗೆ ಸಿಕ್ಕ ತಂತಿಯ ಹಾಗೆ ಅದುರುತ್ತಿದೆ. ಕಲಿಸುವ ಇಂಗ್ಲಿಷ್ ಮೇಡಂ ನಮ್ಮ ಹತ್ತಿರ ಬಂದು ಅಳಿಯನಿಗೆ ಏನೋ ಹೇಳಿದಳು. ಅಳಿಯನ ಮುಖ ಬಿಳುಪೇರಿತು.

"ಏನಂತಪ್ಪಾ?" ಎಂದೆ.

"ಅತ್ತಿ, ಇಕಿ ಇಷ್ಟು ದಿವಸ ಎಡಗೈಲೆ ಹೊಡೀತಿದ್ಲಂತ. ಹುಟ್ಟುಹಬ್ಬ ಆದ ಮ್ಯಾಲೆ ಒಮ್ಮಿಂದೊಮ್ಮೆ ಬಲಗೈಗೆ ಬಂದಾಳಂತ. ಎಷ್ಟು ಹೇಳಿದ್ರೂ ಕೇಳವಲ್ಲಳಂತ. ಯಾಕ ಅಂತ ಕೇಳ್ಲಿಕ್ಹತ್ತ್ಯಾರ."

ಅಯ್ಯೋ ದೇವರೇ! ಅನಘಾ ಎಡಚಿ! ಬರೆಯುವುದು ಎಡಗೈ, ಹಲ್ಲುಜ್ಜುವುದು ಎಡಗೈ, ನನಗೂ ಅವಳಪ್ಪ ಅಮ್ಮನಿಗೂ ಗೊತ್ತಿಲ್ಲದ್ದೇನಲ್ಲ. ಆದರೆ ಪಿಸ್ತೂಲಿನ ಹಿಡಿಕೆಗೂ ಎಡ ಬಲ ಇರುತ್ತದೆ ಎಂದು ನಮಗೇನು ಗೊತ್ತು? ಚಮಚದಂತೆ ಯಾವ ಕೈಯಲ್ಲಾದರೂ ಹಿಡಿಯಬಹುದು ಎಂದುಕೊಂಡಿದ್ದೆವು. ಬೀಗರಿಗೆ ಹಿಡಿಕೆಯ ಸಂಗತಿ ಎಲ್ಲ ಗೊತ್ತಿತ್ತು, ಆದರೆ ಅವರು ಹುಡುಗಿಯನ್ನು ನೋಡುತ್ತಿದ್ದದ್ದು ಭಾನುವಾರ, ಊಟದ ಹೊತ್ತಿಗೆ. ಉಣ್ಣುವುದು, ಪ್ರಸಾದಕ್ಕೆ ಕೈ ಒಡ್ಡುವುದು, ಉಡುಗೊರೆ ತೆಗೆದುಕೊಳ್ಳುವುದು, ನಮ್ಮ ಮನೆಯಲ್ಲಿ ಇವೆಲ್ಲ ಬಲಗೈಯದೇ ಅಲ್ಲವೇ? ಎಡಗೈ ಅವರ ಕಣ್ಣಿಗೆ ಬೀಳುವುದು ಹೇಗೆ? ಅದು ಊಟ ಮುಗಿಯುವವರೆಗೂ ಮಡಿಲಲ್ಲಿ ಕುಳಿತಿರುತ್ತಿತ್ತು! ನನ್ನ ಕಥೆ ಇನ್ನೂ ಚಂದ. ಹುಟ್ಟುಹಬ್ಬದ ನಂತರ ಅವಳು ಮನೆಯಲ್ಲಿ ಗೋಡೆಯ ಕಡೆ ಬಲಗೈ ಚಾಚಿ ಅಭ್ಯಾಸ ಮಾಡುವುದನ್ನು ನೋಡಿ, ಹುಡುಗಿ ದೊಡ್ಡವಳಾದಳು, ಸರಿಯಾದ ಕೈಗೆ ಬಂದಳು ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದ್ದೆ!

ಅನಘಾ ತಿರುಗಿ ನೋಡಿದಳು. ಅಜ್ಜ ಎದ್ದು ನಿಂತಿದ್ದರು. "ಯಾಕ ಹೇಳಲಿಲ್ಲ ತಂಗಿ?" ಎಂದರು.

"ನೀವು ಅಷ್ಟು ಹ್ಯಾಪಿ ಇದ್ರಿ, ಅಜ್ಜಾ. ಐ ಕುಡಂಟ್." ಅಷ್ಟು ಹೇಳಿ ಪಿಸ್ತೂಲು ಕೆಳಗಿಟ್ಟಳು.

ಬೀಗರು ಹೋಗಿ ಕಾರಿನಲ್ಲಿ ಕುಳಿತರು. ಪಿಸ್ತೂಲಿನಿಂದ ಹಿಡಿಕೆ ಬಿಚ್ಚಿಕೊಂಡು ತಮ್ಮ ಮನೆಗೆ ಒಯ್ದರು. ಮುಂದಿನ ಭಾನುವಾರ ಊಟಕ್ಕೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಫೋನು ಮಾಡಿದರೆ "ಹೊಟ್ಟಿ ಸರಿ ಇಲ್ಲ" ಎನ್ನುತ್ತಿದ್ದರು. ಅಳಿಯ, "ಎಡಗೈದು ರೆಡಿಮೇಡ್ ಹಿಡಿಕೆ ಸಿಗತದ, ತರಸೋಣ" ಎಂದ. ಮೊಮ್ಮಗಳು ಒಂದೇ ಮಾತು: "ನೋ. ಅಜ್ಜ ಮಾಡಿದ್ದು ಬೇಕು. ಇಲ್ಲಾಂದ್ರೆ ಐ ವೋಂಟ್ ಗೋ." ಅಜ್ಜ ಮಾಡಲೊಲ್ಲರು, ಮೊಮ್ಮಗಳು ಬೇರೆಯದು ಹಿಡಿಯಲೊಲ್ಲಳು. ಎರಡೂ ಕಡೆ ಒಂದೇ ರಕ್ತ! ನನಗೆ ಸ್ಪರ್ಧೆಯ ಚಿಂತೆ ಅಷ್ಟಿರಲಿಲ್ಲ. ಆ ಶೆಡ್ಡಿನ ಬಾಗಿಲಿಗೆ ಇನ್ನೊಮ್ಮೆ ಬೀಗ ಬಿದ್ದರೆ ಈ ಮನುಷ್ಯ ಮತ್ತೆ ಏಳುವುದಿಲ್ಲ ಎಂಬ ಭಯ ಹತ್ತಿತು.

ಹುಡುಗಿಯನ್ನು ಎಬ್ಬಿಸಿಕೊಂಡು ಬಸ್ಸು ಹತ್ತಿ ಕೆಂಟನ್ನಿಗೆ ಹೋದೆ. ಕೈಯಲ್ಲಿ ಒಂದು ಡಬ್ಬಿ. ಬೀಗರು ಬಾಗಿಲು ತೆಗೆದರು. ಗಡ್ಡ ಬೆಳೆದಿತ್ತು.

"ಯಾಕ್ರೀ ಬೀಗರ, ನಮ್ಮ ಮನಿ ಹಾದಿ ಮರತ್ರಿ?"

"ಹೆಂಗ ಬರ್ಲಿ ಬೀಗತಿ? ಜನ್ಮವೆಲ್ಲಾ ಮಂದಿ ಕೈ ನೋಡಿದೆ. ಒಂದು ಸಲ ಮುಟ್ಟಿದ್ರ ಬಡಗಿ ಅದಾನೋ ಕಾರಕೂನ ಅದಾನೋ ಹೇಳತಿದ್ದೆ. ನನ್ನ ಮೊಮ್ಮಗಳದು ಯಾವ ಕೈ ಅಂತ ಗೊತ್ತಾಗಲಿಲ್ಲ."

"ಗೊತ್ತಾಗಲಿಲ್ಲ, ಈಗ ಗೊತ್ತಾತು. ಆ ಕೈನೂ ಆಕೀದ ಅದ, ಅದಕ್ಕೂ ಒಂದು ಮಾಡ್ರಿ."

"ಇಷ್ಟರಾಗ ಹೆಂಗ ಆಗತದ? ಅದು ಚಳಿಗಾಲಪೂರ್ತಿ ಹಿಡೀತು!"

"ಅದರ ಅಳತಿ ತಪ್ಪಿತ್ತು, ಅದಕ್ಕ ಅಷ್ಟು ದಿನ ಹಿಡೀತು. ಈಗ ಸರಳ ಆಗತದ" ಎಂದೆ. ನನಗೇನು ಗೊತ್ತು, ಬಾಯಿಗೆ ಬಂದದ್ದು ಹೇಳಿದೆ! ಡಬ್ಬಿ ತೆರೆದೆ. ಒಳಗೆ ಕಣಕ.

ಅನಘಾ ಮುಂದೆ ಬಂದು ಎಡಗೈ ಚಾಚಿದಳು. ಬೀಗರು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದರು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಪೆನ್ನು ಹಿಡಿದು ಗಟ್ಟಿಯಾದ ಜಾಗ ನೋಡಿದರು. ಬಹಳ ಹೊತ್ತು ಬಿಡಲಿಲ್ಲ. ಆಮೇಲೆ "ಗಟ್ಟಿ ಹಿಡಿ" ಎಂದರು. ಹಿಡಿದಳು. ಬೀಗರು ಕಣಕದ ಉಂಡೆಯನ್ನು ಎತ್ತಿಕೊಂಡು ಶೆಡ್ಡಿಗೆ ಹೋದರು. ನಮಗೆ ಒಂದು ಕಪ್ ಚಹಾ ಕೂಡ ಕೇಳಲಿಲ್ಲ!

ಆರಿಸುವ ದಿನಕ್ಕೆ ಹೊಸ ಹಿಡಿಕೆ ಮುಗಿದಿರಲಿಲ್ಲ, ಅನಘಾ ಕ್ಲಬ್ಬಿನದೇ ಎಡಗೈ ಪಿಸ್ತೂಲು ಹಿಡಿದು, ಕೈ ನೋಯಿಸಿಕೊಂಡು, ಕೊನೆಯವಳಾಗಿ ತಂಡಕ್ಕೆ ಆಯ್ಕೆಯಾದಳು. ಬೀಗರ ಹಿಡಿಕೆ ಮುಗಿದದ್ದು ಸ್ಪರ್ಧೆಗೆ ಸ್ವಲ್ಪವೇ ದಿನ ಮೊದಲು. ಅದನ್ನು ಹಿಡಿದು ಹುಡುಗಿ ಕಣ್ಣು ಮುಚ್ಚಿದಳು, ತೋಳು ಚಾಚಿದಳು, ಕಣ್ಣು ತೆರೆದಳು. ನಕ್ಕಳು. ಆಯಿತು ಎಂದುಕೊಂಡೆವು.

ಎಲ್ಲಿ ಆಯಿತು? ಸ್ಪರ್ಧೆಯ ದಿನ ಬಾಗಿಲಲ್ಲೇ ಒಬ್ಬ ದೊಡ್ಡ ಮೀಸೆಯ ಸಾಹೇಬ ಒಂದು ಅಳತೆಯ ಪೆಟ್ಟಿಗೆ ಇಟ್ಟುಕೊಂಡು ಕುಳಿತಿದ್ದ. ಪ್ರತಿಯೊ‌ಬ್ಬರ ಪಿಸ್ತೂಲೂ ಆ ಪೆಟ್ಟಿಗೆಯೊಳಗೆ ಮಲಗಬೇಕು. ಮಲಗದಿದ್ದರೆ ಆಟಕ್ಕಿಲ್ಲ. ಬೀಗರ ಹಿಡಿಕೆ ಅಂಗೈಯ ಕಡೆ ಒಂದಿಷ್ಟು ದಪ್ಪ, ಮಲಗಲೊಲ್ಲದು! ಹೋಳಿಗೆಯ ಡಬ್ಬಿಯ ಮುಚ್ಚಳ ಒತ್ತುವ ಹಾಗೆ ನಾನು ಒತ್ತಿಯೇಬಿಡುತ್ತಿದ್ದೆ. ಒತ್ತುವಂತಿಲ್ಲವಂತೆ. ಸಮಯ ಮುಗಿಯುವುದರೊಳಗೆ ಸರಿಮಾಡಿ ತಂದರೆ ಮತ್ತೊಮ್ಮೆ ನೋಡುತ್ತೇನೆ ಎಂದ. ಅಳಿಯ ತಲೆಯ ಮೇಲೆ ಕೈ ಹೊತ್ತ. ಬೀಗರು ಕೋಟಿನ ಕಿಸೆಯಿಂದ ಉಜ್ಜುವ ಕಾಗದ ತೆಗೆದರು. ಮದುವೆಗೆ ಹೋದರೂ ಆ ಕಿಸೆಯಲ್ಲಿ ಉಜ್ಜುವ ಕಾಗದ ಇರುತ್ತದೆ! ಕಾರು ನಿಲ್ಲಿಸುವ ಜಾಗದ ಕಲ್ಲುಕಟ್ಟೆಯ ಮೇಲೆ ಕುಳಿತು ಉಜ್ಜಲು ಶುರುಮಾಡಿದರು. ಉಜ್ಜುವುದು, "ಕೈ" ಎನ್ನುವುದು, ಹುಡುಗಿ ಎಡಗೈ ಕೊಡುವುದು, ನೋಡುವುದು, ಮತ್ತೆ ಉಜ್ಜುವುದು. ಹೆಚ್ಚು ಉಜ್ಜಿದರೆ ಹಿಡಿತ ಹೋಯಿತು, ಕಡಿಮೆ ಉಜ್ಜಿದರೆ ಆಟ ಹೋಯಿತು. ಒಂದು ಸಲವೂ ಅವರ ಕೈ ನಡುಗಲಿಲ್ಲ. ನಡುಗಿದ್ದು ನಾನು. ಗೊತ್ತಿದ್ದ ಸ್ತೋತ್ರಗಳನ್ನೆಲ್ಲ ಒಂದಕ್ಕೊಂದು ಕಲಸಿ ಹೇಳಿಬಿಟ್ಟೆ. ಯಾವ ದೇವರಿಗೆ ಯಾವುದು ಮುಟ್ಟಿತೋ!

ಎರಡನೇ ಸಲ ಪಿಸ್ತೂಲು ತೊಟ್ಟಿಲಲ್ಲಿ ಕೂಸು ಮಲಗಿದ ಹಾಗೆ ಮಲಗಿತು. ಮೀಸೆಯ ಸಾಹೇಬ ಹಿಡಿಕೆಯನ್ನು ತಿರುವಿ ನೋಡಿ, ಇದನ್ನು ಮಾಡಿದವರು ಯಾರು ಎಂದು ಕೇಳಿದ. "ಮೈ ಗ್ರ್ಯಾಂಡ್‌ಫಾದರ್" ಎಂದಳು ಅನಘಾ. ಅವನು ಎದ್ದು ಬೀಗರ ಕಡೆ ಕೈ ಚಾಚಿದ. ಪಾಪ, ಅವನಿಗೇನು ಗೊತ್ತು! ಮುಂದಿನ ಸ್ಪರ್ಧಿ ಪಿಸ್ತೂಲು ಹಿಡಿದುಕೊಂಡು ಕಾಯುತ್ತಲೇ ನಿಂತ.

ಹುಡುಗಿ ಹೇಗೆ ಹೊಡೆದಳು ಎಂದು ನನ್ನನ್ನು ಕೇಳಬೇಡಿ. ನಾನು ಕಣ್ಣು ಮುಚ್ಚಿ ಕುಳಿತಿದ್ದೆ. ಅಳಿಯ ಕುಣಿದಾಗ ಕಣ್ಣು ತೆರೆದೆ. ಮೊದಲಿಬ್ಬರನ್ನು ಬಿಟ್ಟರೆ ನಮ್ಮವಳೇ! ಬೀಗರು ಕುಣಿಯಲಿಲ್ಲ. ಅವಳು ಓಡಿ ಬಂದಾಗ ಮೊದಲು ಎಡಗೈ ತೆಗೆದುಕೊಂಡು ಎಲ್ಲಾದರೂ ಕೆಂಪಾಗಿದೆಯೋ ಎಂದು ನೋಡಿದರು. ಆಗಿರಲಿಲ್ಲ.

ಅಂದು ಸಂಜೆ ಮನೆಯಲ್ಲಿ ಹಬ್ಬದಡಿಗೆ. ನಾನು ಹೆಣ್ಣು ಕೊಟ್ಟವಳು, ಅವರು ಗಂಡಿನ ಕಡೆಯವರು. ಈ ಲಂಡನ್ನಿನಲ್ಲೂ ನಮ್ಮ ಮನೆಯ ರೀತಿ ಬದಲಾಗಿರಲಿಲ್ಲ. ಬೀಗರು ಮೊದಲ ಪಂಕ್ತಿಗೆ, ನಾನು ಬಡಿಸಿ, ಅವರದೆಲ್ಲ ಆದ ಮೇಲೆ ಅಡಿಗೆಮನೆಯಲ್ಲಿ ಕುಳಿತು ಉಣ್ಣುವುದು. ಯಾರೂ ಹೇಳಿದ್ದಲ್ಲ, ಹಾಗೇ ನಡೆದು ಬಂದಿತ್ತು. ಎಲ್ಲರೂ ಕುಳಿತರು. ನಾನು ಅನ್ನದ ಪಾತ್ರೆ ತಂದೆ. ಬೀಗರು ಎದ್ದು ಬಂದು ಪಾತ್ರೆಯನ್ನು ನನ್ನ ಕೈಯಿಂದ ತೆಗೆದುಕೊಂಡರು.

"ನೀವು ಕೂಡ್ರಿ, ಬೀಗತಿ. ಇವತ್ತ ನಾ ಬಡಸತೇನಿ."

"ಅಯ್ಯ, ಏನಂತ ಮಾತ್ರೀ? ಕೇಳಿದವರು ಏನಂದಾರು? ಇಲ್ಲಿ ತರ್ರಿ."

"ನೀವು ಅವತ್ತ ಬಸ್ ಹತ್ತಿ ಬರಲಿಲ್ಲಂದ್ರ ನಾ ಇವತ್ತ ಇಲ್ಲಿ ಇರತಿರಲಿಲ್ಲ. ಕೂಡ್ರಿ."

ಕುಳಿತೆ. ಮೊಮ್ಮಗಳು ಒಂದು ಕಡೆ, ಮಗಳು ಒಂದು ಕಡೆ. ಬೀಗರಿಗೆ ಬಡಿಸಿ ಗೊತ್ತೇ? ಉಪ್ಪನ್ನು ಪಾಯಸದ ಪಕ್ಕ ಹಾಕಿದರು. ಚಟ್ನಿ ಇರಬೇಕಾದಲ್ಲಿ ಹೋಳಿಗೆ. ಅನ್ನ ಬರುವ ಮೊದಲೇ ತುಪ್ಪ! ಪ್ರತಿಯೊಂದಕ್ಕೂ "ಇದು ಎಲ್ಲಿ?" ಎಂದು ಮೊಮ್ಮಗಳನ್ನು ಕೇಳುವುದು, ಅವಳಿಗೂ ಗೊತ್ತಿಲ್ಲದೆ "ದೇರ್?" ಎಂದು ಎಲ್ಲೋ ತೋರಿಸುವುದು. ಮಗಳು ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ಎಲ್ಲ ಬಡಿಸಿ ಅವರೂ ಬಂದು ಕುಳಿತರು. ಆದರೆ ಯಾರೂ ತಟ್ಟೆಗೆ ಕೈ ಹಾಕಲಿಲ್ಲ. ಯಾಕೆ ಎಂದು ನನಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು, ನಾನು ಮೊದಲು ಉಣ್ಣಲಿ ಎಂದು ಕಾಯುತ್ತಿದ್ದರು.

ತುತ್ತು ಬಾಯಿಗೆ ಹಾಕಿದೆ. ಎಡಗೈಯಿಂದ ಕಣ್ಣು ಒರೆಸಿಕೊಂಡೆ.

"ಯಾಕ್ರೀ, ಏನರೆ ತಪ್ಪಾತೇನು?" ಎಂದು ಬೀಗರು ಗಾಬರಿಯಿಂದ ಅರ್ಧ ಎದ್ದರು.

"ಏನೂ ಇಲ್ರೀ, ಭಾಳ ಛಂದ ಬಡಿಸೀರಿ" ಎಂದು ತಟ್ಟೆಯನ್ನು ಸ್ವಲ್ಪ ಅವರ ಕಡೆ ಸರಿಸಿದೆ. "ಇನ್ನೊಂದೀಟು ಅನ್ನ ಹಾಕ್ರಿ. ಹಸಿವಿ ಆಗೇದ."